ನಟ್ಟನಡುವೆ ಬೇಡ

ಈ ವಾರ ಸ್ಕೀಯ ಸೊಂಟದಳತೆಯ, ಅಂದರೆ ನಡುಭಾಗದ ಅಗಲದ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬೇಗ ಮುಗಿಸಿಬಿಡುತ್ತೇನೆ. ಒಂದೇ ಜೋಡಿಯಲ್ಲಿ ಇಡೀ ಬೆಟ್ಟ ಇಳಿಯಬೇಕು, ಮಧ್ಯಾಹ್ನ ದಿಬ್ಬ, ಕಂಬಿಗಳ ಪಾರ್ಕಿನಲ್ಲಿ ಜಿಗಿಯಲೂಬೇಕು ಎನ್ನುವವರಿಗೆ 90ರಿಂದ 98 ಮಿ.ಮೀ. ಸಾಕು. 80ರದ್ದು ಪಾರ್ಕಿನ ಕಂಬಿಗಳ ಮೇಲೆ ಚುರುಕು, ಹೊಸ ಹಿಮದಲ್ಲಿ ಹೂತುಹೋಗುತ್ತದೆ. 110 ದಾಟಿದ್ದು ಹೊಸ ಹಿಮದಲ್ಲಿ ತೇಲುತ್ತದೆ, ಗಟ್ಟಿ ಹಿಮದಲ್ಲಿ ಒಂದಂಚಿನಿಂದ ಇನ್ನೊಂದಂಚಿಗೆ ಹೊರಳಲು ತಡಮಾಡುತ್ತದೆ.

ನನ್ನ ತಕರಾರು ಇರುವುದು ಬೂಟನ್ನು ಸ್ಕೀಗೆ ಬಿಗಿಯುವ ಬೈಂಡಿಂಗ್ ಕೂರಿಸುವ ಜಾಗದ್ದು. ಬೂಟಿನ ನಡುಗೆರೆ ಸ್ಕೀಯ ನಟ್ಟನಡುವೆಯೇ ಬರಬೇಕೆಂದು ಹಟ ಹಿಡಿಯುವ ಪಂಥವೊಂದಿದೆ. ದಿನವಿಡೀ ಪಾರ್ಕಿನಲ್ಲೇ ಇರುವವರಿಗೆ ಅದು ಸರಿ: ಹಿಂದೆ ಮುಂದೆ ತೂಕ ಸಮ, ಗಾಳಿಯಲ್ಲಿ ಸುತ್ತುವುದು ಸುಲಭ, ಹಿಮ್ಮುಖವಾಗಿ ಇಳಿದರೂ ಅಷ್ಟೇ ಉದ್ದದ ಆಸರೆ. ಅದೇ ಸ್ಕೀಯನ್ನು ಹತ್ತಾರು ಜನ ಕದಡಿಹೋದ ಹಿಮಕ್ಕೆ ಒಯ್ದು ನೋಡಿ. ಮುಂದಿನ ಉದ್ದ ಸಾಲದೆ ಮೂತಿ ಒಳಗೆ ನುಗ್ಗುತ್ತದೆ. ಹಿಂದಿನದು ಹೆಚ್ಚಾಗಿ, ಬಾಲ ತಿರುವಿನಿಂದ ಬಿಡಿಸಿಕೊಳ್ಳದೆ ಎಳೆಯುತ್ತದೆ. ಕೆನಡಾದ ವಿಸ್ಲರಿನ ಅಂಗಡಿಯೊಂದರಲ್ಲಿ ನನ್ನನ್ನು ಕೇಳದೆಯೇ ಹಾಗೆ ಕೊರೆದುಕೊಟ್ಟರು. ಇಡೀ ಚಳಿಗಾಲ ಪಾರ್ಕಿನಾಚೆ ಆ ಜೋಡಿಯನ್ನು ನಂಬಲಾಗಲಿಲ್ಲ. ಬೈಂಡಿಂಗನ್ನು ತುಸು ಹಿಂದಕ್ಕೆ ಸರಿಸೋಣವೆಂದರೆ, ತೂತಿನ ಮಗ್ಗುಲಿಗೇ ಇನ್ನೊಂದು ತೂತು ಕೊರೆಯುವಂತಿಲ್ಲ, ಸ್ಕ್ರೂ ಹಿಡಿತ ಕಳೆದುಕೊಳ್ಳುತ್ತದೆ.

ಎರಡೂ ತುದಿ ಮೇಲಕ್ಕೆ ಬಾಗಿದ ಟ್ವಿನ್ ಟಿಪ್ ಸ್ಕೀ ಹುಟ್ಟಿದ್ದೇ ಜಿಗಿಯಲು ಎಂದು ಈ ಪಂಥದವರು ವಾದಿಸುತ್ತಾರೆ. ನಿಜವೇ. ಕೆನಡಾದ ಸ್ಕೀಪಟುಗಳಾದ ಮೈಕ್ ಡಗ್ಲಸ್, ಜೆ.ಪಿ. ಆಕ್ಲೇರ್ ಮತ್ತವರ ಗೆಳೆಯರು ಹಿಮದುಬ್ಬುಗಳ ಮೇಲಿನ ಮೊಗಲ್ ಸ್ಪರ್ಧೆಯ ಕಟ್ಟುಪಾಡಿಗೆ ಬೇಸತ್ತು, ಬ್ಲ್ಯಾಕ್‌ಕೋಂಬ್ ಬೆಟ್ಟದ ಹಿಮನದಿಯ ಬೇಸಿಗೆ ಶಿಬಿರಗಳಲ್ಲಿ ಸ್ನೋಬೋರ್ಡಿನವರ ಹಾಗೆ ಹಾರತೊಡಗಿದರು. ಬಾಲವೂ ಮೇಲಕ್ಕೆ ಬಾಗಿದ ಸ್ಕೀ ಮಾಡಿಕೊಡಿ ಎಂದು ಕೇಳಿದಾಗ ಕಂಪನಿಗಳು ಒಂದರ ಹಿಂದೊಂದು ಬೇಡವೆಂದವು. ಸಾಲೋಮನ್ ಒಪ್ಪಿತು. 1998ರಲ್ಲಿ ಟೆನ್‌ಏಯ್ಟಿ ಬಂತು. ಮೂರು ಪೂರ್ಣ ಸುತ್ತು, 1080 ಡಿಗ್ರಿ, ಅದೇ ಹೆಸರು. ಇವತ್ತು ನಾವು ಕೊಳ್ಳುವ ಪ್ರತಿ ಟ್ವಿನ್ ಟಿಪ್ಪಿನ ಮೇಲೂ ಅದರ ಋಣವಿದೆ.

ಆದರೆ ಅದನ್ನು ಹುಟ್ಟಿಸಿದವರು ಪಾರ್ಕಿನೊಳಗೇ ನಿಲ್ಲಲಿಲ್ಲವಲ್ಲ! 2011ರ ‘ಆಲ್ ಐ ಕ್ಯಾನ್’ ಚಿತ್ರದಲ್ಲಿ ಆಕ್ಲೇರ್ ಬ್ರಿಟಿಷ್ ಕೊಲಂಬಿಯಾದ ಊರಬೀದಿಗಳನ್ನೇ ಇಳಿಜಾರು ಮಾಡಿಕೊಂಡು ಜಾರುತ್ತಾರೆ. ಆ ಕೆಲವು ನಿಮಿಷಗಳನ್ನು ನಾನು ಪ್ರತಿ ವರ್ಷ ಮೊದಲ ಹಿಮ ಬಿದ್ದಾಗ ನೋಡುತ್ತೇನೆ. ಅದೇ ಮನುಷ್ಯ ದೈತ್ಯ ಪರ್ವತಗಳನ್ನೂ ಇಳಿದರು. 2014ರಲ್ಲಿ ಪಟಗೋನಿಯಾದ ಹಿಮಕುಸಿತದಲ್ಲಿ ತೀರಿಕೊಂಡರು. ಬೀದಿಯೂ ಬೇಕು, ಶಿಖರವೂ ಬೇಕು ಎಂದು ಬದುಕಿದವರ ಸ್ಕೀಯನ್ನು ಪಾರ್ಕಿನ ಬೇಲಿಯೊಳಗೆ ಕಟ್ಟಿಹಾಕುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಶನಿವಾರ ಹೊಸ ಜೋಡಿ ಕೊರೆಸುತ್ತಿದ್ದೇನೆ. ಸೊಂಟ 95, ಪಾದದಡಿ ಕಮಾನಿನಂತೆ ಮೇಲೆದ್ದ ಕ್ಯಾಂಬರ್, ಎರಡೂ ತುದಿಗೆ ಮೇಲಕ್ಕೆ ಬಾಗಿದ ಸಣ್ಣ ರಾಕರ್. ಗೆರೆಯನ್ನು ನಾನೇ ಪೆನ್ಸಿಲ್ಲಿನಲ್ಲಿ ಎಳೆದಿಟ್ಟಿದ್ದೇನೆ, ನಡುವಿಗಿಂತ 4 ಸೆಂಟಿಮೀಟರ್ ಹಿಂದಕ್ಕೆ.