ಕೆಮ್ಮು ಶುರುವಾಯ್ತಾ, ಮಾಮ?

ಹಬ್ಬದ ಊಟ. ಎಲೆಗೆ ಎರಡನೇ ಸಲ ಅನ್ನ ಬಿದ್ದಿತ್ತು. ಪಕ್ಕದಲ್ಲಿ ಕೂತಿದ್ದ ಸೋದರಳಿಯ ಸಾರಿನ ಅನ್ನ ಕಲಸುತ್ತಾ, ‘ಮಾಮ, ರೆಡ್ ಡೆಡ್ ಎಲ್ಲಿಗೆ ಬಂತು? ಆರ್ಥರ್‌ಗೆ ಕೆಮ್ಮು ಶುರುವಾಯ್ತಾ?’ ಅಂದ. ‘ಯಾವ ಕೆಮ್ಮೋ?’ ಅಂದೆ. ‘ಅದೇ, ಆ ಸಾಲ ವಸೂಲಿಗೆ ಹೋದಾಗ ಹತ್ಕೊಳ್ಳತ್ತಲ್ಲ, ಅದರಲ್ಲೇ ತಾನೇ ಸಾಯೋದು…’ ಎಂದವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಹಪ್ಪಳ ಮುರಿಯುವಷ್ಟು ಹೊತ್ತಿನಲ್ಲಿ 50 ಗಂಟೆಯ ಕಥೆ ಮುರಿದುಹೋಗಿತ್ತು. ಪಾಯಸ ಬಂದಾಗ ಬೇಡವೆಂದೆ. ಅಕ್ಕ ನನಗೆ ಸಕ್ಕರೆ ಕಾಯಿಲೆ ಬಂದಿದೆಯೆಂದೇ ಗಾಬರಿಯಾದಳು.

ಓದುಗರಿಗೆ ಆ ಗತಿ ಬೇಡ. ಈ ವಾರ ಇಲ್ಲಿ ರೆಡ್ ಡೆಡ್ ರಿಡೆಂಪ್ಶನ್ 2, ಫೈನಲ್ ಫ್ಯಾಂಟಸಿ 7, ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಈ ಮೂರರ ಗುಟ್ಟು ರಟ್ಟಾಗುತ್ತದೆ. ಆಡುವ ಮನಸ್ಸಿರುವವರು ಇಲ್ಲೇ ಪುಟ ತಿರುಗಿಸಿ, ನನಗೆ ಬೇಸರವಿಲ್ಲ. ಇನ್ನೊಂದು ಗೇಮ್ ಇದೆ. ಅದರ ವಿಷಯದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ.

ರಾಕ್‌ಸ್ಟಾರ್‌ನವರು 2018ರಲ್ಲಿ ತಂದ ರೆಡ್ ಡೆಡ್ ನಡೆಯುವುದು 1899ರ ಅಮೆರಿಕದಲ್ಲಿ. ಡಚ್ ಎಂಬ ಮಾತಿನ ಮಲ್ಲನನ್ನು ನಂಬಿ ಹೊರಟ ದರೋಡೆಕೋರರ ಗುಂಪು. ಅವನ ಬಲಗೈ ಬಂಟ ಆರ್ಥರ್ ಮಾರ್ಗನ್. ಎರಡನೇ ಅಧ್ಯಾಯದಲ್ಲಿ ಗುಂಪಿನ ಬಡ್ಡಿ ವ್ಯವಹಾರ ನೋಡಿಕೊಳ್ಳುವ ಸ್ಟ್ರೌಸ್ ಅವನನ್ನು ಸಾಲ ವಸೂಲಿಗೆ ಅಟ್ಟುತ್ತಾನೆ. ಸಾಲಗಾರರಲ್ಲಿ ಒಬ್ಬ ಥಾಮಸ್ ಡೌನ್ಸ್, ಕಾಯಿಲೆ ಹಿಡಿದ ಬಡವ. ಆರ್ಥರ್ ಅವನನ್ನು ಅವನದೇ ಹಿತ್ತಲ ಬೇಲಿಗೆ ಒತ್ತಿ ಹೊಡೆಯುತ್ತಾನೆ. ಡೌನ್ಸ್ ಕೆಮ್ಮಿದಾಗ ರಕ್ತ ಆರ್ಥರ್ ಮುಖಕ್ಕೆ ಸಿಡಿಯುತ್ತದೆ. ಗೊತ್ತಿಲ್ಲದೆ ಆಡುವವರಿಗೆ ಇದು ಹತ್ತರಲ್ಲಿ ಹನ್ನೊಂದನೇ ಮಿಷನ್. ಎಷ್ಟೋ ಗಂಟೆಗಳಾದ ಮೇಲೆ, ಐದನೇ ಅಧ್ಯಾಯದಲ್ಲಿ, ಆರ್ಥರ್ ಕುಸಿದು ಬೀಳುತ್ತಾನೆ. ಡಾಕ್ಟರು ಕ್ಷಯ ಎನ್ನುತ್ತಾರೆ. ಆಗ ಆ ಬೇಲಿ ನೆನಪಾಗುತ್ತದೆ.

ನನಗೆ ನೆನಪಾಗುವ ಪ್ರಮೇಯವೇ ಬರಲಿಲ್ಲ, ಏಕೆಂದರೆ ಮರೆತದ್ದೇ ಇಲ್ಲ. ನಕ್ಷೆಯಲ್ಲಿ ಆ ಮಿಷನ್‌ನ ಗುರುತು ಕಂಡ ದಿನದಿಂದ ಅತ್ತ ಕುದುರೆ ತಿರುಗಿಸಲಿಲ್ಲ. ಹೊಳೆಯಲ್ಲಿ ಮೀನು ಹಿಡಿದೆ. ಜಿಂಕೆಯ ಬೆನ್ನು ಹತ್ತಿದೆ. ವ್ಯಾಲೆಂಟೈನ್ ಎಂಬ ಕೆಸರೂರಿನ ಸಲೂನಿನಲ್ಲಿ ಇಸ್ಪೀಟಾಡಿ ಸೋತೆ. ಎರಡು ವಾರ, ರಾತ್ರಿ ಊಟವಾದ ಮೇಲೆ ಒಂದೊಂದು ಗಂಟೆ, ಒಬ್ಬ ಮನುಷ್ಯನ ಸಾವನ್ನು ನಾಳೆಗೆ ನಾಳೆಗೆ ಎಂದು ತಳ್ಳುತ್ತಾ ಕೂತಿದ್ದೆ. ಆದರೆ ಕಥೆ ಮುಂದೆ ಸಾಗಬೇಕಾದರೆ ಆ ಮನೆಗೆ ಹೋಗಲೇಬೇಕು. ಹೋದೆ. ಹೊಡೆಯುವ ಬಟನ್ ನನ್ನ ಹೆಬ್ಬೆರಳಿನ ಕೆಳಗೇ ಇತ್ತು. ಅದನ್ನು ಒತ್ತುವಾಗ ಕೈ ಹಿಂಜರಿದಷ್ಟು, ಇಪ್ಪತ್ತು ವರ್ಷದ ಗೇಮಿಂಗ್‌ನಲ್ಲಿ ಇನ್ನೊಮ್ಮೆ ಹಿಂಜರಿದಿಲ್ಲ. ಆ ಎರಡು ವಾರಗಳನ್ನು ನನಗೆ ಕೊಟ್ಟದ್ದು ಗೇಮ್ ಅಲ್ಲ, ಅಳಿಯನ ಬಾಯಿ.

‘ಗೊತ್ತಿರುವ ಕಥೆಯನ್ನೇ ಜನ ರಾತ್ರಿಯಿಡೀ ಕೂತು ಕೇಳುತ್ತಾರಲ್ಲ’ ಎಂಬುದು ಸ್ಪಾಯ್ಲರ್ ಜಗಳದಲ್ಲಿ ಎಲ್ಲರೂ ಎತ್ತುವ ಮಾತು. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಗೇಮ್ ಆಡುವವನನ್ನು ಕೇಳುಗರ ಚಾಪೆಯ ಮೇಲೆ ಕೂರಿಸಿದರೆ ಲೆಕ್ಕ ತಪ್ಪುತ್ತದೆ. ಅವನ ಜಾಗ ತಾಳಮದ್ದಳೆಯ ಅರ್ಥಧಾರಿಯದು. ಕರ್ಣನ ಅರ್ಥ ಹೇಳಲು ಕೂತವರಿಗೆ ಕರ್ಣ ಬೀಳುತ್ತಾನೆಂದು ತಿಳಿಯದೇ? ಪ್ರಸಂಗದ ಪದ್ಯ ಅವರು ಬದಲಿಸುವಂತಿಲ್ಲ. ಪದ್ಯಕ್ಕೂ ಪದ್ಯಕ್ಕೂ ನಡುವಿನ ಮಾತು ಮಾತ್ರ ಪೂರ್ತಿ ಅವರದು. ಆರ್ಥರ್ ಸಾಯುವುದು ಪದ್ಯ. ಅಷ್ಟರೊಳಗೆ ದಾರಿಯಲ್ಲಿ ಸಿಕ್ಕವರನ್ನು ಸುಲಿದನೋ ಕುದುರೆ ಹತ್ತಿಸಿಕೊಂಡನೋ ಎಂಬುದು ಅರ್ಥ. ಗೇಮ್ ಅದರ ಲೆಕ್ಕವನ್ನೂ ಇಡುತ್ತದೆ. ಮರ್ಯಾದೆಯಿಂದ ಬಾಳಿ, ಗೆಳೆಯ ಜಾನ್ ಮಾರ್ಸ್ಟನ್‌ನನ್ನು ಪಾರು ಮಾಡಿದ ಆರ್ಥರ್ ಸೂರ್ಯ ಹುಟ್ಟುವುದನ್ನು ನೋಡುತ್ತಾ ಕಣ್ಣು ಮುಚ್ಚುತ್ತಾನೆ. ಹಾಗೆ ಬಾಳದವನಿಗೆ ಗುಂಡೋ ಚೂರಿಯೋ. ಅಳಿಯ ನನಗೆ ಹೇಳಿಕೊಟ್ಟದ್ದು ಪದ್ಯವೊಂದನ್ನೇ.

ಈ ಮರ್ಮ ಚೆನ್ನಾಗಿ ಬಲ್ಲವರು ಜಪಾನಿನವರು. 1997ರ ಫೈನಲ್ ಫ್ಯಾಂಟಸಿ 7 ಮೂರು ಸಿ.ಡಿ.ಗಳಲ್ಲಿ ಬಂದಿತ್ತು. ಮೊದಲನೆಯ ಸಿ.ಡಿ. ಮುಗಿಯುವ ಹೊತ್ತಿಗೆ, ಹೂ ಮಾರುವ ಏರಿತ್ ಪ್ರಾರ್ಥನೆಗೆ ಕೂತಿದ್ದಾಗ ಖಳನಾಯಕ ಸೆಫಿರೋತ್‌ನ ಕತ್ತಿಗೆ ಬಲಿಯಾಗುತ್ತಾಳೆ. ಗೇಮಿಂಗ್ ಲೋಕದಲ್ಲಿ ಇದಕ್ಕಿಂತ ಹಳಸಿದ ಸ್ಪಾಯ್ಲರ್ ಇನ್ನೊಂದಿಲ್ಲ, ಆಡದವರಿಗೂ ಗೊತ್ತು. ಅದೇ ಕಥೆಯನ್ನು ಸ್ಕ್ವೇರ್ ಎನಿಕ್ಸ್ ಕಂಪನಿ 2020ರಿಂದ ಹೊಸದಾಗಿ ಕಟ್ಟತೊಡಗಿ, 2024ರ ರೀಬರ್ತ್ ಎಂಬ ಎರಡನೇ ಭಾಗದಲ್ಲಿ ಆ ಜಾಗಕ್ಕೆ ಬಂತು. ಎಲ್ಲರಿಗೂ ಗೊತ್ತಿರುವುದನ್ನೇ ಅವರು ಬಂಡವಾಳ ಮಾಡಿಕೊಂಡರು. ‘ಈ ಸಲವಾದರೂ ಉಳಿಯುತ್ತಾಳಾ?’ ಹತ್ತಾರು ಗಂಟೆ ಆಡುವವರ ಎದೆ ಹೊಡೆದುಕೊಳ್ಳುವುದು ಇದೊಂದಕ್ಕೆ. ಏನೂ ಗೊತ್ತಿಲ್ಲದ ಹುಡುಗನಿಗೆ ಆ ಭಯವೂ ಇಲ್ಲ, ಆ ಆಸೆಯೂ ಇಲ್ಲ.

ಇನ್ನು ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2. ಅದು ಬಿಡುಗಡೆಯಾದದ್ದು 2020ರ ಜೂನ್ 19ರಂದು. ಏಪ್ರಿಲ್ ಕೊನೆಯಲ್ಲೇ ಒಳಗಿನ ವಿಡಿಯೊಗಳು ಸೋರಿಹೋಗಿದ್ದವು. ಮೊದಲ ಭಾಗದ ನಾಯಕ ಜೋಯೆಲ್‌ನನ್ನು ಆಬಿ ಎಂಬ ಹೆಂಗಸು ಹೊಡೆದು ಕೊಲ್ಲುತ್ತಾಳೆ ಎಂಬುದು ಊರಿಗೆಲ್ಲ ಗೊತ್ತಾಯಿತು. ಒಂದು ನಿಮಿಷವೂ ಆಡದವರು ತೀರ್ಪು ಕೊಟ್ಟು ಮುಗಿಸಿದರು. ಸೋರಿದ್ದು ಒಂದು ಸಾಲಿನ ಆರೋಪಪಟ್ಟಿ. ಸೋರಲಾರದ್ದು ಇನ್ನೊಂದಿತ್ತು. ಅರ್ಧ ಕಥೆ ಕಳೆದ ಮೇಲೆ ಗೇಮ್ ಆ ಆಬಿಯನ್ನೇ ನಮ್ಮ ಕೈಗೆ ಕೊಡುತ್ತದೆ. ಯಾರನ್ನು ಶಪಿಸುತ್ತಾ ಬಂದೆವೋ ಅವಳಿಗೆ ಗಾಯವಾದರೆ ಬ್ಯಾಂಡೇಜು ಸುತ್ತುವುದು ನಾವು, ಅವಳ ಕೋವಿಗೆ ಗುಂಡು ಹುಡುಕುವುದು ನಾವು. ನಾನು ಮೊದಮೊದಲು ಬೇಕೆಂದೇ ಅವಳನ್ನು ಸಾಯಲು ಬಿಡುತ್ತಿದ್ದೆ. ಯಾವಾಗ ಬಿಟ್ಟೆನೋ ನೆನಪಿಲ್ಲ. ಆ ‘ಯಾವಾಗ’ ಯಾವ ಸೋರಿಕೆಯಲ್ಲೂ ಇರಲಿಲ್ಲ. ಬಿಡುಗಡೆಯಾದ ಮೂರೇ ದಿನದಲ್ಲಿ ಗೇಮ್ 40 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

ಸ್ಪಾಯ್ಲರ್ ರುಚಿ ಕೆಡಿಸುತ್ತದೆಯೇ ಎಂದು ಪಂಡಿತರೂ ಅಳೆದು ನೋಡಿದ್ದಾರೆ. 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 12 ಸಣ್ಣಕಥೆಗಳನ್ನು ಓದಿಸಿ, ಕೊನೆ ಮೊದಲೇ ಗೊತ್ತಿದ್ದವರೇ ಕಥೆಯನ್ನು ಹೆಚ್ಚು ಮೆಚ್ಚಿದರು ಎಂದರು. 2015ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬಾಮ್ ಇಲ್ಲ, ಗೊತ್ತಿಲ್ಲದವರಿಗೇ ಹೆಚ್ಚು ಖುಷಿ ಎಂದರು. ಎರಡರಲ್ಲೂ ಜನ ಓದಿದ್ದು ಕಥೆ. ಅವರ ಕೈಯಲ್ಲಿ ಕಂಟ್ರೋಲರ್ ಇರಲಿಲ್ಲ.

ಹಾಗಾದರೆ ಸ್ಪಾಯ್ಲರ್‌ನಿಂದ ಏನೂ ಕೆಡುವುದಿಲ್ಲವೇ? ಆರ್ಥರ್ ಕುಸಿದಾಗ ಬೇಲಿ ನೆನಪಾಗಿ ಬರುವ ಆ ಥಂಡಿ ನನಗೆ ಸಿಗಲಿಲ್ಲ, ಅಳಿಯನಿಗೆ ಸಿಕ್ಕಿತ್ತು. ಅದು ನಷ್ಟವೇ, ಆದರೆ ತುಂಬಿಕೊಂಡ ನಷ್ಟ. ತುಂಬಿಕೊಳ್ಳಲಾಗದ್ದು ಬೇರೆ ಇದೆ. ಕೊನೆ ಗೊತ್ತಿದ್ದರೂ ಕಥೆ ಕೇಳಬಹುದು. ಉತ್ತರ ಗೊತ್ತಿರುವ ಒಗಟನ್ನು ಬಿಡಿಸುವುದು ಸಾಧ್ಯವಿಲ್ಲ. ಕೆಲವು ಗೇಮ್‌ಗಳಲ್ಲಿ ಕಥೆಯೇ ಒಗಟು.

ಲೂಕಸ್ ಪೋಪ್ 2018ರಲ್ಲಿ ಮಾಡಿದ ರಿಟರ್ನ್ ಆಫ್ ದಿ ಓಬ್ರಾ ಡಿನ್ ನೋಡಿ. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಯಾರೂ ಇಲ್ಲದೆ ದಡಕ್ಕೆ ಬಂದಿದೆ. ಅದರಲ್ಲಿದ್ದ 60 ಜನ ಯಾರು ಯಾರು, ಅವರಿಗೆ ಏನಾಯಿತು ಎಂದು ವಿಮೆ ಲೆಕ್ಕದ ಇನ್‌ಸ್ಪೆಕ್ಟರ್ ಆದ ನಾವು ಬರೆದುಕೊಡಬೇಕು. ಮೂವರದು ಸರಿಯಾದಾಗ ಮಾತ್ರ ಗೇಮ್ ಹೌದೆನ್ನುತ್ತದೆ, ಕಣ್ಣುಮುಚ್ಚಿ ಊಹಿಸುವವರಿಗೆ ಸುಲಭವಾಗಬಾರದೆಂದು. ಯಾರೋ ಪಟ್ಟಿ ಕೊಟ್ಟರೆ ಹತ್ತು ಗಂಟೆಯ ಆಟ ಗುಮಾಸ್ತಿಕೆಯಾಗುತ್ತದೆ. ಬೇರೆಯವರು ತುಂಬಿಸಿಟ್ಟ ಪದಬಂಧದ ಮೇಲೆ ಪೆನ್ನಾಡಿಸಿದ ಹಾಗೆ.

ಬಾಯಿ ಬಿಡುವುದಿಲ್ಲ ಎಂದದ್ದು ಔಟರ್ ವೈಲ್ಡ್ಸ್ ಬಗ್ಗೆ. ಮೋಬಿಯಸ್ ಡಿಜಿಟಲ್‌ನವರು 2019ರಲ್ಲಿ ತಂದ, ಮರುವರ್ಷ ಬಾಫ್ಟಾದ ಅತ್ಯುತ್ತಮ ಗೇಮ್ ಪ್ರಶಸ್ತಿ ಪಡೆದ ಇದರಲ್ಲಿ ನೀವು ಪುಟ್ಟ ಸೌರಮಂಡಲವೊಂದನ್ನು ಸುತ್ತುವ ಯಾತ್ರಿ. 22 ನಿಮಿಷಕ್ಕೆ ಎಲ್ಲ ಮುಗಿದು ಆಟ ಶುರುವಾದ ಅದೇ ಬೆಂಕಿಯ ಪಕ್ಕ ಮತ್ತೆ ಏಳುತ್ತೀರಿ. ಇಷ್ಟು ಆರಂಭದಲ್ಲೇ ತಿಳಿಯುವುದರಿಂದ ಹೇಳಿದೆ. ಇಲ್ಲಿ ಆಯುಧವಿಲ್ಲ, ಶಕ್ತಿ ಹೆಚ್ಚಿಸಿಕೊಳ್ಳುವ ಪಾಯಿಂಟುಗಳಿಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ನಿಮ್ಮೊಡನೆ ಬರುವುದು ನೀವು ತಿಳಿದುಕೊಂಡದ್ದು ಮಾತ್ರ. ಎಲ್ಲ ಬಲ್ಲವರು ಮೊದಲ ಸುತ್ತಿನಲ್ಲೇ ಕೊನೆ ಮುಟ್ಟಬಹುದು. ಅಂದರೆ ಇಲ್ಲಿ ತಿಳಿವಳಿಕೆಯೇ ಬೀಗದ ಕೈ. ನಾನು ಅದನ್ನು ಒಮ್ಮೆ ಆಡಿದೆ. ಎರಡನೇ ಸಲ ಆಡಲು ಹೊರಟು, ಎಲ್ಲ ಬಾಗಿಲೂ ತೆರೆದೇ ಇರುವ ಮನೆ ಕಂಡು, ಹತ್ತು ನಿಮಿಷದಲ್ಲಿ ಎದ್ದು ಬಂದೆ. ನನಗೆ ಸ್ಪಾಯ್ಲರ್ ಕೊಟ್ಟವನು ನಾನೇ.

ಕಳೆದ ತಿಂಗಳು ಅಳಿಯನ ಹುಟ್ಟುಹಬ್ಬಕ್ಕೆ ಅದನ್ನೇ ಕೊಡಿಸಿದೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್. ‘ಮಾಮ, ಒಂದೇ ಒಂದು ಹಿಂಟ್ ಕೊಡು. ಒಂದು ಕಡೆ ಸಿಕ್ಕಿಹಾಕ್ಕೊಂಡಿದೀನಿ, ಆರು ದಿನ ಆಯ್ತು.’ ಅವನು ಎಲ್ಲಿ ಸಿಕ್ಕಿಕೊಂಡಿದ್ದಾನೆಂದು ಕೇಳಿದೆ. ನಾನೂ ಒಂದು ಕಾಲಕ್ಕೆ ವಾರಗಟ್ಟಲೆ ತಲೆ ಕೆರೆದುಕೊಂಡ ಜಾಗವೇ. ಆ ಹಬ್ಬದ ಊಟದ ಬಾಕಿ ತೀರಿಸಲು ಐದು ಪದ ಸಾಕಿತ್ತು. ನಾಲಿಗೆಯ ತುದಿಗೂ ಬಂದಿದ್ದವು.

‘ಊಟ ಆಯ್ತೇನೋ?’ ಎಂದು ಕೇಳಿ ಫೋನ್ ಇಟ್ಟೆ.