ಒಂದು ಲದ್ದಿಗೆ ಬಸಿರು ತಿಳಿಯುವುದಿಲ್ಲ

ಪ್ರಾಣಿಯನ್ನು ಮುಟ್ಟದೆ, ಸೂಜಿ ಚುಚ್ಚದೆ, ಬರೀ ಲದ್ದಿ ನೋಡಿ ಬೆದೆ-ಬಸಿರು ಹೇಳುವ ಹಾರ್ಮೋನ್ ಪರೀಕ್ಷೆಗೆ ಈಗ ಎಲ್ಲಿಲ್ಲದ ಹೆಸರು. ಆ ಹೆಸರು ತಪ್ಪು ಕಾರಣಕ್ಕೆ ಬಂದಿದೆ ಎಂಬುದೇ ನನ್ನ ತಕರಾರು.

2022ರ ಸೆಪ್ಟೆಂಬರ್ 13ರ ರಾತ್ರಿ, ದಸರೆಗೆಂದು ಬಂದಿದ್ದ ಲಕ್ಷ್ಮಿ ಮೈಸೂರು ಅರಮನೆಯ ಆವರಣದಲ್ಲೇ ಗಂಡು ಮರಿ ಹಾಕಿತು. ನಮ್ಮ ಬಂಡೀಪುರದ ರಾಮಪುರ ಶಿಬಿರದ ಆನೆ ಅದು. ಮರಿಗೆ ಶ್ರೀದತ್ತಾತ್ರೇಯ ಎಂದು ಹೆಸರಿಟ್ಟು ಎಲ್ಲರೂ ಸಂಭ್ರಮಪಟ್ಟರು. 2007ರಲ್ಲಿ ಸರಳ ಎಂಬ ಆನೆ ಕೂಡ ಅಲ್ಲೇ ಹೆತ್ತಿತ್ತು. ಆನೆ ಬಸಿರು ಹೊರುವುದು ಹತ್ತಿರಹತ್ತಿರ 22 ತಿಂಗಳು. ಅಂದರೆ ಹಿಂದಿನ ವರ್ಷದ ದಸರೆ ನಡೆಯುವಾಗಲೇ ಲಕ್ಷ್ಮಿಯ ಹೊಟ್ಟೆಯಲ್ಲಿ ಮರಿ ಇತ್ತು. ರಾತ್ರಿ ಕಾಡಿಗೆ ಮೇಯಲು ಬಿಟ್ಟ ಶಿಬಿರದ ಹೆಣ್ಣಾನೆ ಯಾವ ಕಾಡು ಸಲಗದ ಜೊತೆ ಯಾವತ್ತು ಕೂಡಿತೆಂದು ಮಾವುತನಾದರೂ ಹೇಗೆ ಹೇಳಿಯಾನು? ಅಲ್ಲಿಂದೀಚೆಗೆ ದಸರಾ ಹೆಣ್ಣಾನೆಗಳನ್ನು ಆರಿಸುವ ಮುನ್ನ ಗರ್ಭಪರೀಕ್ಷೆ ನಡೆಯಿತೆಂಬ ಸುದ್ದಿ ಬರುತ್ತದೆ. ಮಾದರಿ ಹೋಯಿತು, ಚೀಟಿ ಬಂತು, ಆನೆ ಹೊರಟಿತು ಎಂಬ ಧಾಟಿ.

ಆ ಚೀಟಿಯ ಹಿಂದಿರುವ ಕೆಲಸವನ್ನು ಓದಿದವರು ಕಡಿಮೆ. ಭಾರತೀಯ ವಿಜ್ಞಾನ ಸಂಸ್ಥೆಯ ರತ್ನಾ ಘೋಸಾಲ್, ರಾಮನ್ ಸುಕುಮಾರ್, ಪಿ.ಬಿ. ಶೇಷಗಿರಿ ಮತ್ತು ಸಂಗಡಿಗರು 2010 ಮತ್ತು 2012ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳು ನನ್ನ ಲೆಕ್ಕದಲ್ಲಿ ಈ ಕ್ಷೇತ್ರದಲ್ಲಿ ನಮ್ಮ ರಾಜ್ಯದ ಅತ್ಯುತ್ತಮ ಕೆಲಸ. ಬೆದೆ-ಬಸಿರು ತಿಳಿಯಲು ಹಸುವಾದರೆ ರಕ್ತದಲ್ಲಿ ಪ್ರೊಜೆಸ್ಟರಾನ್ ಅಳೆದರೆ ಸಾಕು. ಆನೆಯ ಅಂಡಾಶಯ ಪ್ರೊಜೆಸ್ಟರಾನನ್ನು ಜಿಪುಣತನದಿಂದ ಸುರಿಸುತ್ತದೆ. ಹೇರಳವಾಗಿ ಸುರಿಸುವುದು ಅದರ 5-ಆಲ್ಫಾ ರೂಪಗಳನ್ನು. ಆದ್ದರಿಂದ ಈ ತಂಡ ಲದ್ದಿಯಲ್ಲಿ ಹುಡುಕಿದ್ದು 5ಆಲ್ಫಾ-ಪಿ-3ಒಎಚ್ ಎಂಬ ತುಣುಕನ್ನು. ಲದ್ದಿ ತಾಜಾ ಇರಬೇಕು, ಮೂತ್ರ ತಾಗಿರಬಾರದು, ಬೇಗ ಶೈತ್ಯಕ್ಕೆ ಸೇರಬೇಕು. ತಡವಾದರೆ ಅದರೊಳಗಿನ ಬ್ಯಾಕ್ಟೀರಿಯಾ ಹಾರ್ಮೋನನ್ನೇ ಒಡೆದುಹಾಕುತ್ತವೆ. ಆಮೇಲೆ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ಹಿಂಡಿ, ಎಲೈಸಾ ತಟ್ಟೆಗೆ ಹಾಕಿದರೆ ಒಂದು ಅಂಕಿ ಸಿಗುತ್ತದೆ.

ಆ ಒಂಟಿ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಹೆಣ್ಣಾನೆಯ ಋತುಚಕ್ರ 13ರಿಂದ 17 ವಾರದ್ದು. ಅದರಲ್ಲಿ 8ರಿಂದ 12 ವಾರ ಬಸಿರಿಲ್ಲದಿದ್ದರೂ ಅಂಕಿ ಮೇಲೆಯೇ ಇರುತ್ತದೆ, ಬಸಿರಾದಾಗಲೂ ಮೇಲೆಯೇ. ಅಂಕಿ ಇಳಿಯಬೇಕಾದ ವಾರಗಳಲ್ಲಿ ಇಳಿಯದೆ ನಿಂತರೆ ಆಗ ಗಬ್ಬ ಎನ್ನಬಹುದು. ಚಾಮರಾಜನಗರ ಹಾಲು ಒಕ್ಕೂಟದ (ಚಾಮುಲ್) ಡೇರಿಯ ಊರಾದ ಕುದೇರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಸುವಿಗೆ ಗಬ್ಬದ ಸೂಜಿ ಹಾಕಿಸಿದ ದಿನ ಗುರುತಿಟ್ಟುಕೊಂಡು, 21 ದಿನಕ್ಕೆ ಮತ್ತೆ ಬೆದೆಗೆ ಬಂತೇ ಎಂದು ನೋಡುವುದೂ ಇದೇ ಲೆಕ್ಕ. ಹಸು ಕೂಗಿ ಹೇಳುತ್ತದೆ, ಹೆಣ್ಣಾನೆ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಇನ್ನೂ ಒಂದು ತಮಾಷೆ ಇದೆ. ಹೆರಿಗೆಗೆ ಎರಡರಿಂದ ಐದು ದಿನ ಇರುವಾಗ ರಕ್ತದಲ್ಲಿ ಈ ಹಾರ್ಮೋನ್ ತಳ ಕಾಣುತ್ತದೆ. ಆ ಹೊತ್ತಿಗೆ ಒಂದೇ ಮಾದರಿ ತೆಗೆದರೆ, ನಾಳೆ ಹೆರುವ ಆನೆಗೂ ‘ಬಸಿರಿಲ್ಲ’ ಎಂಬ ಚೀಟಿ ಸಿಕ್ಕೀತು!

ಹೈದರಾಬಾದಿನಲ್ಲಿರುವ, ಅಳಿವಿನಂಚಿನ ಪ್ರಾಣಿಗಳ ಪ್ರಯೋಗಾಲಯವಾದ ಲಕೋನ್ಸ್‌ನಲ್ಲಿ ಜಿ. ಉಮಾಪತಿ ತಂಡ ಇದೇ ಬಗೆಯ ತುಣುಕನ್ನು ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿಗಳ ಮಲದಲ್ಲಿ ಗುರುತಿಸಿ 2013ರಲ್ಲಿ ಪ್ರಕಟಿಸಿತು. ಮೃಗಾಲಯಗಳಿಗೆ ಅದು ದೊಡ್ಡ ಉಪಕಾರ, ಒಪ್ಪುತ್ತೇನೆ.

ಒಪ್ಪಲಾಗದ್ದು ಈ ವಿಧಾನವನ್ನು ದಸರೆಗೆ ಆನೆ ಬೇಕೇ ಬೇಡವೇ ಎಂಬ ಜಗಳಕ್ಕೆ ಎಳೆದು ತಂದ ಲೇಖಕರನ್ನು. ಮೈಸೂರು ಮೃಗಾಲಯ ಮತ್ತು ದಸರೆಯ ಆನೆಗಳನ್ನೂ ಒಳಗೊಂಡ 2019ರ ಅಧ್ಯಯನವೊಂದು, ಮೆರವಣಿಗೆಗೆ ಹೋಗುವ ಆನೆಗಳ ಲದ್ದಿಯಲ್ಲಿ ಒತ್ತಡದ ಹಾರ್ಮೋನ್ ಹೆಚ್ಚೆಂದಿತು. ಅದನ್ನೇ ಹಿಡಿದು ಇವರು ತೀರ್ಪು ಬರೆದರು. ಅದೇ ವರ್ಷ ವಿಜ್ಞಾನ ಸಂಸ್ಥೆಯ ಸಂಜೀತಾ ಪೊಖರೆಲ್ ತಂಡ, ಬೆಳೆಗೆ ನುಗ್ಗುವ ಕಾಡಾನೆಗಳಲ್ಲಿ ಅದೇ ಹಾರ್ಮೋನ್ ಕಡಿಮೆ ಎಂದು ತೋರಿಸಿ, ಒಳ್ಳೆಯ ಮೇವು ಅದಕ್ಕೆ ಕಾರಣವಿರಬಹುದು ಎಂದಿತ್ತು. ಹಾಗಾದರೆ ಪಟಾಕಿ, ತಮಟೆ, ಬ್ಯಾಟರಿ ಬೆಳಕಿನ ನಡುವೆ ಕಬ್ಬು ತಿನ್ನುವ ಆನೆ ನೆಮ್ಮದಿಯಾಗಿದೆ ಎನ್ನೋಣವೇ? ಒತ್ತಡದ ಅಂಕಿಗೆ ಮೇವು, ಬೇಸಿಗೆ, ಬಸಿರು, ಭಯ ಎಲ್ಲವೂ ಕಾರಣವಾಗಬಹುದು. ಬಸಿರಿನ ಅಂಕಿಗೆ ಕೊನೆಗೊಂದು ಮರಿ ಸಾಕ್ಷಿ ಹೇಳುತ್ತದೆ. ಒತ್ತಡದ ಅಂಕಿಗೆ ಅಂಥ ಸಾಕ್ಷಿಯಿಲ್ಲ. ದಸರೆಯ ಆನೆಗಳ ಪರ ವಾದಿಸಲು ಬೇರೆ ಬೇಕಾದಷ್ಟು ಕಾರಣಗಳಿವೆ. ಎದುರು ಬಣದವರೂ ಕಡಿಮೆಯಿಲ್ಲ. ಮಾವುತನ ಕಣ್ಣೇ ಸಾಕು ಎನ್ನುವವರು ಲಕ್ಷ್ಮಿಯ ಹೆಸರೆತ್ತಿದರೆ ಮಾತು ಬದಲಿಸುತ್ತಾರೆ.

ಈ ವಿಧಾನಕ್ಕೆ ನಿಜವಾಗಿ ಬೇಕಾದವನು ಮಾವುತನ ಸಹಾಯಕನಾದ ಕಾವಾಡಿ. ಯಾವ ಲದ್ದಿ ಯಾವ ಆನೆಯದು, ಎಷ್ಟು ಹೊತ್ತಿನದು ಎಂದು ಹೇಳಬಲ್ಲವನು ಅವನೇ. ರಾಮಪುರ, ಕೆ. ಗುಡಿ ಶಿಬಿರಗಳಿಗೆ ಒಂದೊಂದು ಫ್ರೀಜರ್ ಕೊಟ್ಟು, ಪ್ರತಿ ಹೆಣ್ಣಾನೆಯಿಂದ ವಾರಕ್ಕೊಂದು ಮಾದರಿ ಎತ್ತಿಡಿಸಿ, ಅವನ ದುಡಿಮೆಗೆ ಸಂಬಳ ಸೇರಿಸಲಿ. ವಿಜಯದಶಮಿ ಮುಗಿದ ವಾರವೇ ಶುರುವಾಗಬೇಕಾದ ಈ ಕೆಲಸವನ್ನು ಆನೆಗಳು ಮೈಸೂರಿಗೆ ಹೊರಡುವ ಗಜಪಯಣದ ಮುಂಚಿನ ತಿಂಗಳಿಗೆ ಇಟ್ಟುಕೊಂಡರೆ ಪ್ರಯೋಗಾಲಯ ಎಷ್ಟೇ ಒಳ್ಳೆಯದಿದ್ದರೂ ಅದರ ಕೈಗೆ ಸಿಗುವುದು ಒಂದೇ ಅಂಕಿ.