ಕಾಯಕದ ನೀತಿ, ಬಂಡವಾಳದ ಪ್ರಶ್ನೆ

ಹನ್ನೆರಡನೆಯ ಶತಮಾನದ ಶರಣ ಪರಂಪರೆ ದುಡಿಮೆ, ಗಳಿಕೆ ಮತ್ತು ಹಂಚಿಕೆಯ ಬಗ್ಗೆ ತಳೆದ ನಿಲುವು ಕಾಯಕ ಮತ್ತು ದಾಸೋಹ ಎಂಬ ಎರಡು ಪರಿಕಲ್ಪನೆಗಳ ಮೇಲೆ ನಿಂತಿದೆ. ದುಡಿಯದೆ ಉಣ್ಣುವ ಹಕ್ಕು ಯಾರಿಗೂ ಇಲ್ಲ. ದುಡಿದು ತಂದದ್ದೆಲ್ಲ ದುಡಿದವನೊಬ್ಬನದೇ ಅಲ್ಲ. ಕಳೆದ ನೂರು ವರ್ಷಗಳಲ್ಲಿ ಈ ತತ್ವವನ್ನು ಮಠಗಳು, ಸಹಕಾರಿಗಳು, ರಾಜಕಾರಣಿಗಳು, ಉದ್ಯಮಿಗಳು ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಬಳಸಿಕೊಂಡಿದ್ದಾರೆ. ಕಚೇರಿಯ ಗೋಡೆಯ ಮೇಲೆ ಅದು ಶಿಸ್ತಿನ ಸೂಚನೆ, ವೇದಿಕೆಯ ಭಾಷಣದಲ್ಲಿ ಸಮಾನತೆಯ ಘೋಷಣೆ. ಇಷ್ಟೆಲ್ಲ ಬಳಕೆಯ ನಡುವೆ ಅದರ ಕಠಿಣವಾದ ಭಾಗ ಮಾತ್ರ ಹೆಚ್ಚು ಚರ್ಚೆಗೆ ಬಂದಿಲ್ಲ.

ಈ ನೀತಿ ಹುಟ್ಟಿದ ಕಲ್ಯಾಣ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಚಾಲುಕ್ಯರ ರಾಜಧಾನಿಯಾಗಿ ಬೆಳೆದು ಕಳಚುರಿ ಬಿಜ್ಜಳನ ಕೈಸೇರಿದ ಆ ನಗರ ಸಂತೆ, ಸುಂಕ, ಸಾಲಗಳ ಊರು. ಬಸವಣ್ಣ ಮೊದಲು ಮಂಗಳವೇಢೆಯಲ್ಲಿ ಕರಣಿಕ, ಆಮೇಲೆ ಬಿಜ್ಜಳನ ಭಂಡಾರಿ. ಅಂದರೆ ಈ ಪರಂಪರೆಯ ಮುಖ್ಯ ಚಿಂತಕ ಕಾಡಿನಲ್ಲಿ ಕುಳಿತ ವಿರಾಗಿಯಲ್ಲ, ದಿನವೂ ಲೆಕ್ಕ ಒಪ್ಪಿಸಬೇಕಾಗಿದ್ದ ಅಧಿಕಾರಿ. ರಾಜನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಅವನ ಮೇಲೆ ದೂರು ಬಂದದ್ದು, ಎಣಿಸಿ ನೋಡಿದಾಗ ಒಂದು ಕಾಸೂ ಕಡಿಮೆಯಾಗದೆ ಇದ್ದದ್ದು ಬಸವಪುರಾಣಗಳ ಪ್ರಸಿದ್ಧ ಪ್ರಸಂಗ. ಪುರಾಣ ಅದನ್ನು ಪವಾಡವಾಗಿ ಹೇಳುತ್ತದೆ. ಪವಾಡವನ್ನು ಬದಿಗಿಟ್ಟರೆ ಉಳಿಯುವುದು ಪರರ ಹಣವನ್ನು ಕೈಯಲ್ಲಿಟ್ಟುಕೊಂಡವನು ಯಾವ ಕ್ಷಣದಲ್ಲೂ ಲೆಕ್ಕಕ್ಕೆ ಸಿದ್ಧನಿರಬೇಕೆಂಬ ನಿರೀಕ್ಷೆ. ಹೊನ್ನಿನ ಒಂದು ಚೂರನ್ನಾಗಲಿ ಸೀರೆಯ ಒಂದು ಎಳೆಯನ್ನಾಗಲಿ ನಾಳೆಗೆಂದು ಬಯಸೆನೆಂದು ಬಸವಣ್ಣ ಆಣೆಯಿಡುವ ವಚನವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅದನ್ನು ಬರೆದವನ ಕೈಯಲ್ಲಿ ರಾಜ್ಯದ ಬೀಗದಕೈ ಇತ್ತು.

ಅದೇ ಕಲ್ಯಾಣದಲ್ಲಿ, ಶರಣರಿಗಿಂತ ಕೆಲವು ದಶಕಗಳ ಮೊದಲು, ವ್ಯವಹಾರದ ಇನ್ನೊಂದು ನೀತಿ ಬರಹಕ್ಕಿಳಿದಿತ್ತು. ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಅವಿಭಕ್ತ ಕುಟುಂಬದ ಆಸ್ತಿಹಕ್ಕಿನಿಂದಾಗಿ ಇಂದಿಗೂ ವಕೀಲರ ಬಾಯಲ್ಲಿರುವ ಈ ಗ್ರಂಥ ವಾಣಿಜ್ಯದ ಬಗ್ಗೆಯೂ ವಿವರವಾಗಿ ಮಾತಾಡುತ್ತದೆ. ಪಾಲುದಾರ ವರ್ತಕರು ಲಾಭನಷ್ಟಗಳನ್ನು ತಾವು ಹೂಡಿದ ದ್ರವ್ಯಕ್ಕೆ ಅನುಗುಣವಾಗಿ ಅಥವಾ ಮೊದಲೇ ಮಾಡಿಕೊಂಡ ಒಪ್ಪಂದದಂತೆ ಹಂಚಿಕೊಳ್ಳಬೇಕು. ತಂದ ಕೂಡಲೆ ಮಾರುವ ವರ್ತಕ ಸ್ವದೇಶದ ಸರಕಿನ ಮೇಲೆ ನೂರಕ್ಕೆ 5, ಪರದೇಶದ ಸರಕಿನ ಮೇಲೆ ನೂರಕ್ಕೆ 10 ಲಾಭ ಪಡೆಯಬಹುದು. ಕುಶಲಕರ್ಮಿಗಳಿಗೆ ತೊಂದರೆಯಾಗುವಂತೆ ಒಟ್ಟುಗೂಡಿ ಬೆಲೆ ಕಟ್ಟುವ ವರ್ತಕರಿಗೆ ಭಾರಿ ದಂಡ. ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗ ಬಡ್ಡಿ. ಒತ್ತೆಯಿಲ್ಲದಿದ್ದರೆ ವರ್ಣಕ್ರಮದಲ್ಲಿ ನೂರಕ್ಕೆ 2, 3, 4, 5. ಕೊನೆಯ ನಿಯಮ ಈ ಶಾಸ್ತ್ರದ ಮಿತಿಯನ್ನು ತಾನೇ ತೋರಿಸಿಕೊಡುತ್ತದೆ: ಬ್ರಾಹ್ಮಣನಿಗೆ ಅಗ್ಗವಾದ ಸಾಲ ಶೂದ್ರನಿಗೆ ಎರಡೂವರೆ ಪಟ್ಟು ದುಬಾರಿ. ಹಾಗಿದ್ದರೂ ಕೂಟ, ಬೆಲೆ, ಬಡ್ಡಿ, ಪಾಲುಗಳು ನಿಯಮಕ್ಕೆ ಒಳಪಡಬೇಕಾದ ಸಂಗತಿಗಳೆಂಬ ಅರಿವು ಅದಕ್ಕಿತ್ತು. ಶರಣರ ಚಿಂತನೆಯನ್ನು ಬೆಲೆಗಟ್ಟುವಾಗ ಇದು ಮತ್ತೆ ಬೇಕಾಗುತ್ತದೆ.

ಶರಣರು ಹಿಡಿದದ್ದು ಬೇರೆ ದಾರಿ. ಅವರ ಗೋಷ್ಠಿಯಲ್ಲಿ ಹಗ್ಗ ಹೊಸೆಯುವ ಚಂದಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಬುಟ್ಟಿ ಹೆಣೆಯುವ ಕೇತಯ್ಯ, ಕದಿರು ತಿರುಗಿಸುವ ರೆಮ್ಮವ್ವೆ, ಸುಂಕ ವಸೂಲಿ ಮಾಡುವ ಬಂಕಣ್ಣ ಎಲ್ಲರೂ ವಚನಕಾರರು. ವರ್ಣದ ಏಣಿಯ ಮೇಲೆ ಕೆಲಸಗಳಿಗಿದ್ದ ಮೇಲುಕೀಳನ್ನು ಅಳಿಸಿ, ಮಾಡುವ ರೀತಿಯನ್ನು ಮಾತ್ರ ಅಳತೆಗೋಲಾಗಿ ಇಟ್ಟುಕೊಂಡದ್ದು ಇವರ ದೊಡ್ಡ ಸಾಧನೆ. ಜಂಗಮನಿಗೂ ಗುರುವಿಗೂ ದುಡಿಮೆಯಿಂದ ವಿನಾಯಿತಿ ಇಲ್ಲವೆಂದು ನುಲಿಯ ಚಂದಯ್ಯ ಪಟ್ಟುಹಿಡಿದ. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ಬಿದ್ದರೂ ಲೆಕ್ಕಿಸದೆ ಅವನು ಕೆಲಸ ಮುಂದುವರಿಸಿದ ಕಥೆ ಶೂನ್ಯಸಂಪಾದನೆಯಲ್ಲಿದೆ. ಜನರನ್ನು ನೋಯಿಸಿ, ಕಟ್ಟಿಹಾಕಿ, ಕಂಡವರಲ್ಲಿ ಬೇಡಿ ತಂದ ಹಣದಿಂದ ಮಾಡುವ ದಾಸೋಹ ಲಿಂಗಕ್ಕೆ ಸಲ್ಲದೆಂಬ ಅರ್ಥದ ವಚನವೂ ಅವನದೇ. ಬೀದಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೆ ಮುಟ್ಟೆನೆಂದು, ಲಂಚಕ್ಕೆ ಕೈಚಾಚೆನೆಂದು ಸತ್ಯಕ್ಕ ಆಣೆಯಿಡುತ್ತಾಳೆ. ಹಣ ಎಷ್ಟು ಒಳ್ಳೆಯ ಕೆಲಸಕ್ಕೆ ಹೋಗುತ್ತದೆ ಎಂಬುದಕ್ಕಿಂತ ಅದು ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಇಲ್ಲಿ ಮೊದಲು.

ಈ ನೀತಿಯ ತುದಿಮೊನೆ ಇರುವುದು ಆಯ್ದಕ್ಕಿ ಲಕ್ಕಮ್ಮನಲ್ಲಿ. ಅವಳ ಗಂಡ ಮಾರಯ್ಯನ ಕಾಯಕ ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಲೆಯ ಮೇಲಿಡಲಿಲ್ಲ. ದಿನದ ಅಳತೆಯಷ್ಟು ಉಳಿಸಿ ಮಿಕ್ಕದ್ದನ್ನು ಬಿದ್ದಲ್ಲಿಗೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಇದರಲ್ಲಿ ಗಮನಿಸಬೇಕಾದದ್ದು ಬಹಳ. ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ, ಯಾರಿಗೂ ಮೋಸ ಮಾಡಿ ತಂದದ್ದಲ್ಲ. ಶ್ರಮವೂ ಅವನದೇ. ಇಂದಿನ ಯಾವ ಕಾನೂನೂ, ಯಾವ ವ್ಯವಹಾರನೀತಿಯ ಪಠ್ಯವೂ ಅದರಲ್ಲಿ ತಪ್ಪು ಹುಡುಕಲಾರದು. ಲಕ್ಕಮ್ಮ ಹುಡುಕಿದ ತಪ್ಪು ಪ್ರಮಾಣದ್ದು: ಅಗತ್ಯ ಮುಗಿದ ಮೇಲೆ ತಂದದ್ದು ಕಾಯಕದಿಂದ ಬಂದದ್ದಲ್ಲ, ಆಸೆಯಿಂದ ಬಂದದ್ದು. ಆಸೆ ಅರಸನಿಗಿರಬಹುದು, ಶಿವಭಕ್ತನಿಗೆ ಅದೇಕೆ ಎಂಬುದು ಅವಳ ತರ್ಕ. ಮನಸ್ಸು ಶುದ್ಧವಿಲ್ಲದವನಿಗಷ್ಟೇ ಬಡತನವೆಂದು ಹೇಳುವ ಈ ಹೆಂಗಸು ಹಸಿವನ್ನು ಕಂಡರಿಯದವಳಲ್ಲ. ಆಯ್ದ ಅಕ್ಕಿಯಲ್ಲಿ ಮನೆ ನಡೆಸಿದವಳು. ಅದಕ್ಕಾಗಿಯೇ ಅವಳ ಮಾತಿಗೆ ತೂಕ. ಅದೇ ಮಾತನ್ನು ತುಂಬಿದ ಕಣಜದವನು ಹಸಿದವನಿಗೆ ಹೇಳಿದರೆ ಅದರಷ್ಟು ಅಸಹ್ಯ ಬೇರೊಂದಿಲ್ಲ, ಮತ್ತು ಆ ಬಳಕೆಯೂ ಕಡಿಮೆಯೇನಿಲ್ಲ.

ಮ್ಯಾಕ್ಸ್ ವೇಬರ್‌ನ ಹೆಸರು ಇಲ್ಲಿ ಬರುವುದು ಸಹಜ. ಕ್ಯಾಲ್ವಿನ್ ಪಂಥದವರ ದುಡಿಮೆಯ ಶ್ರದ್ಧೆ ಮತ್ತು ಮಿತವ್ಯಯ ಆಧುನಿಕ ಬಂಡವಾಳಶಾಹಿಯ ಚೈತನ್ಯಕ್ಕೆ ನೆಲ ಹದಗೊಳಿಸಿತೆಂದು 1904–05ರಲ್ಲಿ ಅವನು ವಾದಿಸಿದ. ಭಾರತದ ಧರ್ಮಗಳ ಬಗ್ಗೆ ಬರೆಯುವಾಗ ಲಿಂಗಾಯತರನ್ನು ಬ್ರಾಹ್ಮಣ್ಯದ ವಿರುದ್ಧದ ಪ್ರಾಟೆಸ್ಟೆಂಟ್ ಮಾದರಿಯ ಪ್ರತಿಭಟನೆಯೆಂದೂ ಗುರುತಿಸಿದ. ಅಲ್ಲಿಂದ ಮುಂದೆ ಕಾಯಕವನ್ನು ಪ್ರಾಟೆಸ್ಟೆಂಟ್ ನೀತಿಯ ಕನ್ನಡ ರೂಪವೆಂದು ಹೊಗಳುವ ಬರಹಗಳು ಸಾಕಷ್ಟು ಬಂದಿವೆ. ಹೋಲಿಕೆ ಅರ್ಧ ದಾರಿಗೇ ಮುರಿದು ಬೀಳುತ್ತದೆ. ವೇಬರ್‌ನ ಭಕ್ತ ಗಳಿಸುತ್ತಾನೆ, ಖರ್ಚು ಮಾಡುವುದಿಲ್ಲ, ಉಳಿದದ್ದನ್ನು ಮತ್ತೆ ಹೂಡುತ್ತಾನೆ. ಬಂಡವಾಳ ಬೆಳೆಯುವುದು ಹಾಗೆ. ಶರಣನಿಗೆ ಉಳಿಕೆಯೇ ಅನುಮಾನಾಸ್ಪದ. ಅಂದಿನದು ಅಂದೇ ದಾಸೋಹಕ್ಕೆ ಸಲ್ಲಬೇಕು. ಲಕ್ಕಮ್ಮನ ಮನೆಯಲ್ಲಿ ಬಂಡವಾಳ ಹುಟ್ಟುವ ಸಾಧ್ಯತೆಯೇ ಇಲ್ಲ.

ದಾಸೋಹ ದಾನಕ್ಕಿಂತ ಭಿನ್ನವೆಂದು ಪರಂಪರೆ ಒತ್ತಿ ಹೇಳುತ್ತದೆ. ದಾನದಲ್ಲಿ ಕೊಡುವವನು ಎತ್ತರದಲ್ಲಿ ನಿಂತಿರುತ್ತಾನೆ. ದಾಸೋಹದಲ್ಲಿ ಅವನು ಸೇವಕ, ತನ್ನದಲ್ಲದ್ದನ್ನು ಮರಳಿಸುವವನು. ಇದರ ಪಕ್ಕದಲ್ಲಿ 2013ರ ಕಂಪನಿ ಕಾಯ್ದೆಯ 135ನೆಯ ಕಲಮನ್ನು ಇಟ್ಟು ನೋಡಬಹುದು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಉಳಿದ 98 ಹೇಗೆ ಬಂತೆಂಬ ವಿಚಾರ ಆ ಕಲಮಿಗೆ ಬೇಕಿಲ್ಲ. ಚಂದಯ್ಯನ ತಕರಾರು ನೇರವಾಗಿ ಆ 98ರ ಮೇಲೆಯೇ. ಕಾಯ್ದೆಯಡಿಯ ಖರ್ಚನ್ನು ದಾಸೋಹವೆಂದು ಕರೆಯುವ ರೂಢಿ ಈಗ ಬೆಳೆದಿದೆ. ಅದು ಶಬ್ದದ ದುಂದುಗಾರಿಕೆ.

ಇಷ್ಟು ಕಠಿಣವಾದ ನೀತಿ ಎಲ್ಲಿ ಮೌನವಾಗುತ್ತದೆ ಎಂಬುದನ್ನೂ ಹೇಳಲೇಬೇಕು. ವಚನಗಳ ಲೋಕದಲ್ಲಿ ಎದ್ದು ಕಾಣುವ ವ್ಯಕ್ತಿ ತನ್ನ ಕೈಯಿಂದ ತಾನೇ ದುಡಿಯುವವನು. ಇನ್ನೊಬ್ಬನನ್ನು ದುಡಿಸಿಕೊಳ್ಳುವವನು ಎಷ್ಟು ಕೂಲಿ ಕೊಡಬೇಕು, ಸಾಲ ಕೊಟ್ಟವನು ಎಷ್ಟು ಬಡ್ಡಿ ತೆಗೆದುಕೊಳ್ಳಬಹುದು, ಹತ್ತು ಜನ ಸೇರಿ ಹೂಡಿದ ಹಣದಲ್ಲಿ ನಷ್ಟವಾದರೆ ಹೊಣೆ ಯಾರದು ಎಂಬುದಕ್ಕೆ ನಿಯಮ ಕಟ್ಟುವ ಗೋಜಿಗೆ ವಚನಗಳು ಹೋಗುವುದಿಲ್ಲ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘ ದಖ್ಖನ್ನಿನಿಂದ ಸಮುದ್ರದಾಚೆಗೂ ವ್ಯಾಪಾರ ನಡೆಸಿ, ತನ್ನದೇ ಬಣಂಜು ಧರ್ಮವನ್ನು ಶಾಸನಗಳಲ್ಲಿ ಕೆತ್ತಿಸುತ್ತಿದ್ದ ಕಾಲವದು. ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ವರ್ತಕ ಆದಯ್ಯ ವಚನಕಾರನಾದ. ಆದರೆ ವರ್ತಕನ ಇಕ್ಕಟ್ಟುಗಳು ಅವನ ವಚನಗಳ ಮುಖ್ಯ ವಸ್ತುವಾಗಲಿಲ್ಲ. ಯಾವ ವೃತ್ತಿ ತಕ್ಕದ್ದು, ಯಾವುದು ತಕ್ಕುದಲ್ಲ ಎಂಬಲ್ಲಿಯೂ ಶರಣರ ಗೆರೆ ತೆಳು. ಬೌದ್ಧರು ಆಯುಧ, ಪ್ರಾಣಿ, ಮಾಂಸ, ಮದ್ಯ, ವಿಷಗಳ ವ್ಯಾಪಾರವನ್ನು ಉಪಾಸಕರಿಗೆ ನಿಷೇಧಿಸಿದರು; ಜೈನರು ಶ್ರಾವಕರಿಗೆ ಸಲ್ಲದ ಉದ್ಯೋಗಗಳನ್ನು ಪಟ್ಟಿ ಮಾಡಿದರು. ಶರಣರಿಗೆ ಹೆಂಡ ಮಾರುವ ಇನ್ನೊಬ್ಬ ಮಾರಯ್ಯನನ್ನೂ ಒಳಗೆ ಕರೆದುಕೊಳ್ಳುವ ತವಕವೇ ದೊಡ್ಡದು. ಮನುಷ್ಯನನ್ನು ಒಳಗೊಳ್ಳುವುದಕ್ಕೆ ಅದು ಸರಿ, ವೃತ್ತಿಯ ಪರಿಣಾಮವನ್ನು ಅಳೆಯುವುದಕ್ಕೆ ಸಾಲದು.

ಕಾಯಕದ ಮೇಲಿನ ಅತಿನಿಷ್ಠೆಯನ್ನು ಪ್ರಶ್ನಿಸಿದವನು ಪರಂಪರೆಯ ಒಳಗೇ ಇದ್ದ. ಕಾಯಕವೇ ಒಂದು ಅಂಟಾಗಬಹುದು, ಮಾಡುವೆನೆಂಬ ಹಮ್ಮು ಉಳಿಯಬಹುದು ಎಂದು ಅಲ್ಲಮಪ್ರಭು ಕೆಣಕುತ್ತಾನೆ. ಅವನ ಮಾತು ಕೇಳುತ್ತ ಮಾರಯ್ಯ ಅಕ್ಕಿ ಆಯುವುದನ್ನೇ ಮರೆತು ಕುಳಿತಾಗ, ಕಾಯಕ ನಿಂತಿತೆಂದು ಎಬ್ಬಿಸಿ ಕಳಿಸಿದವಳು ಲಕ್ಕಮ್ಮ. ಜ್ಞಾನ ಮತ್ತು ದುಡಿಮೆಯ ಈ ಜಗಳವನ್ನು ಶೂನ್ಯಸಂಪಾದನೆ ಪೂರ್ತಿ ಬಗೆಹರಿಸುವುದಿಲ್ಲ. ಆ ಗ್ರಂಥ ಸಂಕಲನಗೊಂಡದ್ದು ಹದಿನೈದನೆಯ ಶತಮಾನದಲ್ಲಿ ಎಂಬುದನ್ನು ನೆನಪಿಡಬೇಕು. ಹನ್ನೆರಡನೆಯ ಶತಮಾನದ ಅರ್ಥನೀತಿಯೆಂದು ಈಗ ಓದುವುದರ ಜೋಡಣೆ ಮುನ್ನೂರು ವರ್ಷ ತಡವಾದದ್ದು.

ಆ ಹದಿನೈದನೆಯ ಶತಮಾನದಲ್ಲಿಯೇ ಅಲ್ಲಮನ ಹೆಸರು ಬೀದರಿನ ಪಕ್ಕದ ಅಷ್ಟೂರಿಗೂ ಅಂಟಿಕೊಳ್ಳಲು ನೆಲೆ ಸಿದ್ಧವಾಯಿತು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ (ಆಳ್ವಿಕೆ 1422–1436) ಅಷ್ಟೂರಿನ ಗುಮ್ಮಟದಲ್ಲಿ ಮಲಗಿದ್ದಾನೆ. ಸುತ್ತಲಿನ ಲಿಂಗಾಯತ ಭಕ್ತರಿಗೆ ಅವನು ಅಲ್ಲಮಪ್ರಭು; ಉರುಸಿಗೆ ಆಳಂದ ತಾಲೂಕಿನ ಮಾಡಿಯಾಳದ ಜಂಗಮರು ಬರುತ್ತಾರೆ. ಸೌಹಾರ್ದದ ನಿದರ್ಶನವಾಗಿ ಈ ಸಂಗತಿ ಹಲವು ಬಾರಿ ಉಲ್ಲೇಖಗೊಂಡಿದೆ. ವ್ಯವಹಾರನೀತಿಯ ದೃಷ್ಟಿಯಿಂದ ಗಮನಾರ್ಹವಾದದ್ದು ಬೇರೆ. ಅಹ್ಮದ್ ಶಾ ಸಿಂಹಾಸನವೇರಲು ನೆರವಾದವನು ಖಲಫ್ ಹಸನ್ ಎಂಬ ಕುದುರೆ ವ್ಯಾಪಾರಿ. ಪ್ರತಿಯಾಗಿ ಅವನಿಗೆ ಮಲಿಕ್-ಉತ್-ತುಜ್ಜಾರ್, ವರ್ತಕರ ಒಡೆಯ, ಎಂಬ ಬಿರುದು ದೊರೆಯಿತು. ಬಂಡವಾಳ ಅಧಿಕಾರವನ್ನು ಕೊಳ್ಳುವುದು ಬೀದರಿಗೆ ಹೊಸತಲ್ಲ. ಮುಂದೆ ಅದೇ ಬಿರುದು ಪಡೆದ ಮಹಮೂದ್ ಗಾವಾನ್ ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಪ್ರಧಾನಿಯಾದ, 1472ರಲ್ಲಿ ಮದರಸಾ ಕಟ್ಟಿಸಿದ, 1481ರಲ್ಲಿ ಖೊಟ್ಟಿ ಪತ್ರವೊಂದರ ಸಂಚಿಗೆ ಬಲಿಯಾದ. ಅವನು ತನ್ನ ವ್ಯಾಪಾರದ ಹಣದಲ್ಲಿಯೇ ಸರಳವಾಗಿ ಬದುಕಿ, ಜಹಗೀರಿನ ಉತ್ಪನ್ನವನ್ನು ಸೈನಿಕರಿಗೂ ಬಡವರಿಗೂ ಹಂಚುತ್ತಿದ್ದನೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಬಸವಣ್ಣನ ಭಂಡಾರದ ಕಥೆಗೂ ಇದಕ್ಕೂ ಇರುವ ಹೋಲಿಕೆ ಯಾರಿಗಾದರೂ ಕಾಣುತ್ತದೆ. ಎರಡು ಬೇರೆ ಧರ್ಮಗಳ ನೆನಪಿನಲ್ಲಿ ಈ ಸೀಮೆ ಒಳ್ಳೆಯ ಅಧಿಕಾರಿಯನ್ನು ಗುರುತಿಸಿದ್ದು ಒಂದೇ ಗುಣದಿಂದ.

ಆಧುನಿಕ ಕಾಲದಲ್ಲಿ ಕಾಯಕನೀತಿಯ ಮೌನವನ್ನು ತುಂಬಲು ನಡೆದ ಗಂಭೀರ ಪ್ರಯತ್ನವೆಂದರೆ ಸಹಕಾರ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ವಚನಗಳನ್ನು ತಾಳೆಗರಿಯಿಂದ ಅಚ್ಚಿಗೆ ತಂದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲೂ ಇದ್ದರು. ಬಡ್ಡಿ, ಪಾಲು, ಹೊಣೆ ಎಂಬ ಪ್ರಶ್ನೆಗಳಿಗೆ ಶರಣನಿಷ್ಠೆಯ ಒಬ್ಬ ಮನುಷ್ಯ ಕೊಟ್ಟ ಪ್ರಾಯೋಗಿಕ ಉತ್ತರವೆಂದು ಇದನ್ನು ಓದಬಹುದು. ಬೀದರ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು ಮಹಿಳಾ ಸ್ವಸಹಾಯ ಗುಂಪುಗಳಿಗೆ ಸಾಲ ಕೊಟ್ಟು ಹೊರಗಿನವರ ಗಮನ ಸೆಳೆದದ್ದೂ ಇದೇ ಜಾಡಿನಲ್ಲಿ. ದಾಸೋಹ ಶಿಕ್ಷಣಕ್ಕೆ ಹರಿದದ್ದು ಇನ್ನೊಂದು ಧಾರೆ. ನಿಜಾಮನ ಆಡಳಿತದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದು ಆ ಧಾರೆಯ ಉಜ್ವಲ ಅಧ್ಯಾಯ. ಶರಣರ ಹೆಸರು ಹೊತ್ತು ಡೊನೇಷನ್ನಿಗೆ ಸೀಟು ಮಾರಿದ ಸಂಸ್ಥೆಗಳು ಅದೇ ಧಾರೆಯ ಕೊನೆಯಲ್ಲಿ ನಿಂತ ಕೊಳಚೆ.

ಬೀದರಿನ ಗಾಂಧಿ ಗಂಜಿನ ಅಡತಿ ಅಂಗಡಿಗೆ ತೊಗರಿ, ಸೋಯಾಬೀನ್ ತರುವ ಔರಾದಿನ ರೈತನಿಗೂ, ದಿನಗೂಲಿಗೆ ಮೂಟೆ ಹೊರುವ ಹಮಾಲನಿಗೂ ಬೇಕಾದದ್ದು ಯಜಮಾನನ ವೈಯಕ್ತಿಕ ಶುದ್ಧಿಯೊಂದೇ ಅಲ್ಲ. ತೂಕ, ಸವಾಲು, ಕೂಲಿ, ಬಡ್ಡಿಗಳ ನ್ಯಾಯ. ಆ ನ್ಯಾಯಕ್ಕೆ ಮಿತಾಕ್ಷರದಲ್ಲಿ ನಿಯಮವಿದೆ, ಸಮಾನತೆಯಿಲ್ಲ. ವಚನದಲ್ಲಿ ಸಮಾನತೆಯಿದೆ, ನಿಯಮವಿಲ್ಲ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿತ್ತು. ಆಗಿನ ಅಂದಾಜು ವೆಚ್ಚ 500 ಕೋಟಿ ರೂಪಾಯಿ. ಅಷ್ಟು ಹಣದಲ್ಲಿ ಏಳುವ ಕಟ್ಟಡದೊಳಗೆ ಕೂಲಿ ಮತ್ತು ಬಡ್ಡಿಯ ಬಗ್ಗೆ ವಿದ್ವಾಂಸರು, ವರ್ತಕರು, ಹಮಾಲರು ಒಟ್ಟಿಗೆ ಕೂತು ಮಾತಾಡುವ ಒಂದು ಗೋಷ್ಠಿಯಾದರೂ ವರ್ಷಕ್ಕೊಮ್ಮೆ ನಡೆಯಲಿ. ವಿಜ್ಞಾನೇಶ್ವರನ ಗ್ರಂಥವನ್ನೂ ಲಕ್ಕಮ್ಮನ ವಚನಗಳನ್ನೂ ಒಂದೇ ಮೇಜಿನ ಮೇಲಿಟ್ಟು ಓದುವ ಕೆಲಸ ಬೇರೆ ಯಾವ ಊರಿಗಿಂತ ಮೊದಲು ಕಲ್ಯಾಣಕ್ಕೆ ಸೇರಿದ್ದು.